‘ಮನೆ’ ಮತ್ತು ‘ಮನಿ’: ಹೊರನಾಡಿನಲ್ಲಿ ಮೊದಲ ಓದು

ಸ್ನಾತಕೋತ್ತರ ತರಗತಿಯಲ್ಲಿ ಪಂಪನ ಪದ್ಯವನ್ನು ಅನ್ವಯಿಸುವ ವಿದ್ಯಾರ್ಥಿಗೂ ಒಂದನೆಯ ತರಗತಿಯಲ್ಲಿ ‘ಅರಸ’ ಎಂಬ ಮೂರು ಅಕ್ಷರಗಳನ್ನು ಕೂಡಿಸಿ ಓದಲು ಹೆಣಗುವ ಮಗುವಿಗೂ ಇರುವ ಸಂಬಂಧವನ್ನು ವಿದ್ವತ್ತಿನ ವಲಯ ಅಷ್ಟಾಗಿ ಗಮನಿಸಿಲ್ಲ. ಛಂದಸ್ಸು, ವ್ಯಾಕರಣ, ಗ್ರಂಥಸಂಪಾದನೆಗಳ ಬಗ್ಗೆ ಸಂಪುಟಗಳೇ ಬಂದಿವೆ. ಆದರೆ ಮೊದಲ ಓದು ಹೇಗೆ ಸಾಧ್ಯವಾಗುತ್ತದೆ ಎಂಬ ಪ್ರಶ್ನೆ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬಳ ಪಾಲಿಗೇ ಉಳಿದಿದೆ. ಮುಂಬಯಿಯಂತಹ ಹೊರನಾಡಿನಲ್ಲಿ ಈ ಉದಾಸೀನಕ್ಕೆ ತೆರಬೇಕಾದ ಬೆಲೆ ದೊಡ್ಡದು. ಇಲ್ಲಿ ಮೊದಲ ಮೆಟ್ಟಿಲು ಕುಸಿದರೆ ಮೇಲಿನ ಅಂತಸ್ತಿಗೆ ಏರುವವರೇ ಇರುವುದಿಲ್ಲ.

ಕೂಲಿಮಠದ ಕಾಲದಲ್ಲಿ ಮಗು ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು. ವರ್ಣಮಾಲೆ, ಕಾಗುಣಿತಗಳನ್ನು ಬಾಯಿಪಾಠ ಮಾಡುತ್ತಿತ್ತು. ವರ್ಣಮಾಲೆಯ ಕ್ರಮ ಧ್ವನಿಶಾಸ್ತ್ರದ ದೃಷ್ಟಿಯಿಂದ ಅದ್ಭುತವಾದುದು. ಕಂಠದಿಂದ ತುಟಿಯವರೆಗೆ ಉಚ್ಚಾರಣಸ್ಥಾನಗಳನ್ನು ವರ್ಗವರ್ಗವಾಗಿ ಜೋಡಿಸಿಟ್ಟ ಕ್ರಮ ಅದು. ಆದರೆ ಅದು ವೈಯಾಕರಣನ ಕ್ರಮ, ಮಗುವಿನ ಕ್ರಮವಲ್ಲ. 49 ಅಕ್ಷರಗಳು, 34 ವ್ಯಂಜನಗಳಿಗೆ ಹದಿನೈದು ಹದಿನೈದರಂತೆ 510 ಗುಣಿತಾಕ್ಷರಗಳು, ಇವುಗಳ ಮೇಲೆ ಒತ್ತಕ್ಷರಗಳು. ಇಷ್ಟನ್ನೂ ಮಗು ಹಾಡಿನಂತೆ ಒಪ್ಪಿಸಬಲ್ಲುದು. ನಡುವೆ ಒಂದು ಅಕ್ಷರದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿದರೆ ಮಾತ್ರ ಅದು ಮತ್ತೆ ‘ಕ’ದಿಂದ ಹೊರಟು, ರಾಗದ ದಾರಿಯಲ್ಲೇ ಆ ಅಕ್ಷರವನ್ನು ತಲಪಬೇಕು. ಅದು ಸ್ಮರಣೆ, ಓದು ಅಲ್ಲ.

ಈ ಭೇದವನ್ನು ಅರಿತು ನಡೆದ ಪ್ರಯತ್ನಗಳಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ–ಕಲಿ’ ಮುಖ್ಯವಾದುದು. ಈ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುತ್ತದೆ. ಐದೇ ಅಕ್ಷರಗಳು, ಆದರೆ ಸರ, ಅರಸ, ಅಗಸ, ಗರಗಸ ಎಲ್ಲವೂ ಅವುಗಳೊಳಗೇ ಇವೆ. ಅಕ್ಷರ ಕಲಿತ ವಾರದಲ್ಲೇ ಮಗುವಿಗೆ ಪದ ದಕ್ಕುತ್ತದೆ. ಹಾಗೆಂದು ಅವಸರವೂ ಸಲ್ಲದು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ನಡದ ಅಕ್ಷರಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದಲ್ಲ. ಸಂಕೀರ್ಣವಾದ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ.

ಮುಂಬಯಿಯ ಕನ್ನಡ ಶಾಲೆಯಲ್ಲಿ ಈ ದಾರಿ ಇನ್ನಷ್ಟು ಕಡಿದಾದುದು. ಇಲ್ಲಿನ ಮಗುವಿನ ಎದುರು ಕನ್ನಡ ಲಿಪಿಯೊಡನೆ ಮರಾಠಿಯ ದೇವನಾಗರಿಯೂ ಇದೆ. ಅಂಗಡಿಯ ಹಲಗೆ, ರೈಲುನಿಲ್ದಾಣ, ಬಸ್ಸು ಎಲ್ಲೆಲ್ಲೂ ಕಾಣುವುದು ಆ ಲಿಪಿಯೇ. ಮರಾಠಿಯ ಬರಹದಲ್ಲಿ ಎಕಾರ, ಒಕಾರಗಳಿಗೆ ಹ್ರಸ್ವದೀರ್ಘ ಭೇದವಿಲ್ಲ. ಆದ್ದರಿಂದ ಹೊಲದ ‘ಬೆಳೆ’ಯೂ ಅಡುಗೆಮನೆಯ ‘ಬೇಳೆ’ಯೂ ಈ ಮಗುವಿನ ಓದಿನಲ್ಲಿ ಸುಲಭವಾಗಿ ಒಂದಾಗಿಬಿಡುತ್ತವೆ. ದೇವನಾಗರಿಯ ಸಂಯುಕ್ತಾಕ್ಷರದಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ; ಕನ್ನಡದಲ್ಲಿ ಮೊದಲನೆಯದು ಪೂರ್ಣವಾಗಿ ನಿಂತು ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. ‘ಸೂರ್ಯ’ ಎಂದು ಬರೆದಾಗಲಂತೂ ಮೊದಲು ಉಚ್ಚರಿಸಬೇಕಾದ ರಕಾರ ಅರ್ಕಾವೊತ್ತಾಗಿ ಕೊನೆಗೆ ಬಂದು ಕೂಡುತ್ತದೆ. ಇವನ್ನು ದಡ್ಡತನವೆಂದು ಬಗೆಯದೆ ಎರಡು ಲಿಪಿಗಳ ಒಳತರ್ಕದ ಘರ್ಷಣೆಯೆಂದು ತಿಳಿದ ಶಿಕ್ಷಕಿ ಗದರುವುದಿಲ್ಲ. ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸುತ್ತಾಳೆ.

ಲಿಪಿಗಿಂತ ಸೂಕ್ಷ್ಮವಾದುದು ನುಡಿಯ ಪ್ರಶ್ನೆ. ಕನ್ನಡ ಶಾಲೆಗೆ ಬರುವ ಮಕ್ಕಳೆಲ್ಲರ ಮನೆಮಾತು ಪಠ್ಯಪುಸ್ತಕದ ಕನ್ನಡವಲ್ಲ. ಕರಾವಳಿಯಿಂದ ಬಂದ ಕುಟುಂಬಗಳಲ್ಲಿ ಹಲವರದು ತುಳು. ಕಲಬುರಗಿ, ವಿಜಯಪುರಗಳಿಂದ ಕೂಲಿ ಅರಸಿ ಬಂದವರದು ಉತ್ತರ ಕರ್ನಾಟಕದ ಕನ್ನಡ. ಪುಸ್ತಕದಲ್ಲಿ ‘ಮನೆ’ ಎಂದಿದೆ. ವಿಜಯಪುರದ ಮಗು ಅದನ್ನು ನೋಡಿ ‘ಮನಿ’ ಎಂದು ಓದುತ್ತದೆ. ತಪ್ಪೆಂದು ಗೀಟು ಹಾಕುವುದು ಸುಲಭ. ಆದರೆ ಅಕ್ಷರವನ್ನಷ್ಟೇ ನೋಡಿದ ಮಗು ‘ಮ’, ‘ನೆ’ ಎಂದು ಬಿಡಿಬಿಡಿಯಾಗಿ ನುಡಿದು ನಿಲ್ಲುತ್ತಿತ್ತು. ‘ಮನಿ’ ಎಂದ ಮಗು ಅಕ್ಷರವನ್ನು ದಾಟಿ ಅರ್ಥವನ್ನು ಮುಟ್ಟಿದೆ. ತಾನು ವಾಸಿಸುವ ಗೂಡನ್ನು ಹಾಳೆಯ ಮೇಲೆ ಗುರುತಿಸಿದೆ. ಓದು ಹುಟ್ಟುವುದು ಆ ಕ್ಷಣದಲ್ಲಿ. ಅದೇ ಕ್ಷಣದಲ್ಲಿ ಗದರಿಸಿದರೆ ಮಗು ಕಲಿಯುವ ಪಾಠ ಒಂದೇ: ಪುಸ್ತಕದಲ್ಲಿರುವುದು ತನ್ನ ಮನೆಯಲ್ಲ. ತುಳುವಿನ ಮಗುವಿನ ಪಾಡು ಬೇರೆ. ಅದಕ್ಕೆ ಮನೆಯೆಂದರೆ ‘ಇಲ್ಲ್’. ಕನ್ನಡದ ‘ಇಲ್ಲ’ ಅದರ ಕಿವಿಗೆ ಮೊದಲು ಮನೆಯಾಗಿಯೇ ಕೇಳಬಹುದು. ಅಂತಹ ಮಗುವಿಗೆ ಅಕ್ಷರಕ್ಕಿಂತ ಮುನ್ನ ಕಥೆ ಬೇಕು, ಹಾಡು ಬೇಕು, ಮಾತು ಬೇಕು. ಕಿವಿಯಲ್ಲಿ ಇಲ್ಲದ ಪದ ಕಣ್ಣಿಗೆ ಸಿಕ್ಕರೂ ಮನಸ್ಸಿಗೆ ದಕ್ಕದು.

ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗುತ್ತ ಬಂದಿವೆ. ಉಳಿದ ತರಗತಿಗಳಲ್ಲೂ ಮಕ್ಕಳ ಸಂಖ್ಯೆ ಇಳಿದಿದೆ. ಇದಕ್ಕೆ ಆರ್ಥಿಕ, ಸಾಮಾಜಿಕ ಕಾರಣಗಳಿವೆ. ಅವನ್ನು ತರಗತಿಯೊಂದು ತಡೆಯಲಾರದು. ಆದರೆ ಬಂದ ಮಗು ಓದುಗನಾಗಿ ಹೊರಡುವುದೋ, ಅಕ್ಷರ ಒಪ್ಪಿಸಿ ಮರೆಯುವುದೋ ಎಂಬುದು ತರಗತಿಯ ಕೈಯಲ್ಲಿದೆ. ಉಪಭಾಷೆಗಳ ಸ್ವನವ್ಯತ್ಯಾಸ, ತುಳು–ಕನ್ನಡಗಳ ತೌಲನಿಕ ಶಬ್ದಸಂಪತ್ತು, ಲಿಪಿವಿಕಾಸ ಇವೆಲ್ಲ ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳಲ್ಲಿ ನಿತ್ಯ ಚರ್ಚೆಯಾಗುವ ವಿಷಯಗಳೇ. ಆ ತಿಳಿವಳಿಕೆ ಸಂಶೋಧನ ಪ್ರಬಂಧದ ರಟ್ಟಿನೊಳಗೆ ಉಳಿಯದೆ ಒಂದನೆಯ ತರಗತಿಯ ಶಿಕ್ಷಕಿಯ ಕೈಗೂ ತಲಪಬೇಕು. ‘ಮನಿ’ ಎಂದು ಓದಿದ ಮಗುವಿನ ಬೆನ್ನು ತಟ್ಟಿ, ಬಳಿಕ ‘ಪುಸ್ತಕದವರು ಇದನ್ನು ಮನೆ ಎನ್ನುತ್ತಾರೆ’ ಎಂದು ಹೇಳಿಕೊಡಲು ಭಾಷಾವಿಜ್ಞಾನದ ಬಲವೂ ಬೇಕು, ತಾಯಿಯ ತಾಳ್ಮೆಯೂ ಬೇಕು.