ಗರ್ಭಕೋಶ ತೆಗೆಸುವ ಮೊದಲು

ಅಕ್ಕನ ನೋವಿಗೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ‘ಹೊಟ್ಟೆನೋವು’ ಅಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಪ್ರತಿ ತಿಂಗಳು ಮೂರು ದಿನ ಅವಳು ಮೂಲೆಯಲ್ಲಿ ಮುದುಡಿ ಮಲಗುತ್ತಿದ್ದಳು. ನಾವಿಬ್ಬರು ತಂಗಿಯರು ಜೀರಿಗೆ ಕಷಾಯ ಮಾಡಿ ಕೊಡುತ್ತಿದ್ದೆವು. ‘ಮದುವೆಯಾದರೆ ಸರಿಹೋಗುತ್ತೆ’ ಅನ್ನುತ್ತಿದ್ದಳು ಅಜ್ಜಿ. ಮದುವೆಯಾಯಿತು, ಮಗಳು ಹುಟ್ಟಿದಳು. ನೋವು ಮಾತ್ರ ಹೋಗಲಿಲ್ಲ.

ಅಕ್ಕನಿಗೆ 29 ವರ್ಷವಾದಾಗ ಪೇಟೆಯ ಒಂದು ಆಸ್ಪತ್ರೆಯಲ್ಲಿ, ‘ಒಂದು ಮಗು ಇದೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂದರು. ಭಾವ ಸಾಲ ಕೇಳಲು ಹೊರಟರು. ನಾವು ತಡೆದು ಅಕ್ಕನನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುತ್ತದೆ. ಮುಟ್ಟಿನಲ್ಲಿ ಅದೂ ಊದಿಕೊಂಡು ನೋಯುತ್ತದೆ. ಇದೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಗು ಹೆರುವ ವಯಸ್ಸಿನ ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ ಇದು ಇರುತ್ತದೆ.

ಇದನ್ನು ಬೇರುಸಹಿತ ಕೀಳುವ ಮದ್ದಿಲ್ಲ, ಆದರೆ ಹತೋಟಿಗೆ ತರುವ ದಾರಿಗಳಿವೆ. ಮೊದಲು ನೋವಿನ ಮಾತ್ರೆ. ಅದು ಸಾಲದಿದ್ದರೆ ಹಾರ್ಮೋನ್ ಮಾತ್ರೆ, ಇಲ್ಲವೇ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ಕೆಲವರಿಗೆ ಇಂಜೆಕ್ಷನ್ ಕೊಡುತ್ತಾರೆ. ಇವು ನಡೆಯುವಾಗ ಸಾಮಾನ್ಯವಾಗಿ ಬಸಿರಾಗುವುದಿಲ್ಲ. ಆದ್ದರಿಂದ ಮಗು ಬೇಕೆನ್ನುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಅಂಥವರಿಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ, ಬೆಳೆದದ್ದನ್ನಷ್ಟೇ ತೆಗೆಯುವ ಲ್ಯಾಪರೋಸ್ಕೋಪಿ ನೆರವಾಗಬಹುದು. ಆದರೂ ಕೆಲವರಿಗೆ ಅದು ಮತ್ತೆ ಬೆಳೆಯುತ್ತದೆ.

‘ಗರ್ಭಕೋಶ ತೆಗೆದರೆ ಪೂರ್ತಿ ವಾಸಿಯಾಗುತ್ತಾ?’ ಭಾವ ಕೇಳಿದರು.

‘ಹೊರಗೆ ಬೆಳೆದದ್ದು ಹಾಗೇ ಉಳಿದರೆ ನೋವೂ ಉಳಿಯಬಹುದು. ಜೊತೆಗೆ ಅಂಡಾಶಯವನ್ನೂ ತೆಗೆದರೆ ಈ ವಯಸ್ಸಿಗೇ ಮುಟ್ಟು ನಿಂತಂತಾಗಿ ಮೂಳೆ ಸವೆಯುತ್ತದೆ. ಅದು ಕೊನೆಯ ದಾರಿ, ಮೊದಲನೆಯದಲ್ಲ’ ಎಂದರು ಡಾಕ್ಟರಮ್ಮ. ಭಾವ ಮತ್ತೆ ಸಾಲದ ಮಾತೆತ್ತಲಿಲ್ಲ.

ಅಕ್ಕ ಹಾರ್ಮೋನ್ ಮಾತ್ರೆ ಆರಿಸಿಕೊಂಡಳು. ಮೊದಲ ಕೆಲವು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಿ ಹೆದರಿದೆವು. ಹಾಗಾಗಬಹುದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ಅವಳಿಗೆ ತಿಂಗಳಿಗೆ ಮೂರು ದಿನದ ಕೂಲಿ ತಪ್ಪುವುದಿಲ್ಲ.

ಶಾಲೆ, ಕೆಲಸ ಬಿಡಿಸುವಷ್ಟು ಮುಟ್ಟಿನ ನೋವು ಸಹಜವಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಈ ಕಾಯಿಲೆ ಇರಬಹುದು. ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ, ರಿಪೋರ್ಟ್ ಹಿಡಿದು ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನೂ ಕೇಳಿ. ನಾಳೆ ಅಕ್ಕನ ಮಗಳು ಹೊಟ್ಟೆನೋವು ಅಂದರೆ, ನಾವಂತೂ ಮದುವೆಯ ಮಾತಾಡುವುದಿಲ್ಲ.