ಒಂದು ಲೋಟ ತಿಳಿನೀರು

ಶುಂಠಿ ಬೆಳೆಯುವವರಿಗೆಲ್ಲ ಒಂದು ಪರೀಕ್ಷೆ ಗೊತ್ತಿರುತ್ತದೆ. ಹಳದಿ ತಿರುಗಿದ ದಂಟನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ತಾಗಿಸಿ ಹಿಡಿಯಬೇಕು. ಕೈ ಅಲುಗಬಾರದು. ಎರಡು ಮೂರು ನಿಮಿಷದಲ್ಲಿ ದಂಟಿನ ತುದಿಯಿಂದ ಹಾಲಿನಂಥ ಸಣ್ಣ ಎಳೆ ನೀರೊಳಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಕಾಸು ಖರ್ಚಿಲ್ಲದ ಪರೀಕ್ಷೆ, ಮಕ್ಕಳೂ ಮಾಡಬಹುದು. 2019ರ ಆಗಸ್ಟಿನಲ್ಲಿ ನಾನು ಅದನ್ನು ಮಾಡದೆ ಹನ್ನೆರಡು ದಿನ ಕಳೆದೆ. ಮರೆತು ಅಲ್ಲ. ದೇವರ ಮೇಲಿನ ನಂಬಿಕೆಯ ಹೆಸರಿನಲ್ಲಿ.

ನಮ್ಮದು ಸರಗೂರು. ಈಗ ತಾಲ್ಲೂಕು ಕೇಂದ್ರ, ಆದರೆ ನಮ್ಮ ಬಾಯಲ್ಲಿ ಇನ್ನೂ ಎಚ್.ಡಿ. ಕೋಟೆ ತಾಲ್ಲೂಕೇ. ಅಪ್ಪನ ಕಾಲದಲ್ಲಿ ಹತ್ತಿ, ರಾಗಿ, ಹುರುಳಿ, ಆಮೇಲೆ ಹೊಗೆಸೊಪ್ಪು, ಆಮೇಲೆ ಕೇರಳದವರು ಬಂದು ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿದರು. ಅವರನ್ನು ನೋಡಿ ನಾವೂ ಹಾಕಿದೆವು. ಒಂದು ವರ್ಷ ಮನೆ ಕಟ್ಟಿಸಿ, ಮರುವರ್ಷ ಅದೇ ಮನೆಯನ್ನು ಅಡ ಇಡಿಸುವ ಬೆಳೆ ಅದು. ನುಗು ನಾಲೆಯ ಕೆಳಗೆ ಎರಡು ಎಕರೆ ಗುತ್ತಿಗೆ ಹಿಡಿದು, 30 ಚೀಲ ಬಿತ್ತನೆ ಗಡ್ಡೆ ತಂದು, ಹೆಂಡತಿಯ ಒಡವೆ ಗಿರವಿ ಇಟ್ಟು ನಾಟಿ ಮಾಡಿದ್ದೆ.

ಆ ವರ್ಷವೇ ನನಗೆ ಇನ್ನೊಂದು ಹುಚ್ಚೂ ಹತ್ತಿತ್ತು. ನಾವು ಕಥೋಲಿಕರು. ಸಂಜೆ ಜಪಸರ, ಭಾನುವಾರ ಪೂಜೆ, ಜೂನ್ 13ಕ್ಕೆ ಡೋರ್ನಹಳ್ಳಿಯ ಅಂತೋಣಿಯವರ ಹಬ್ಬ, ಇಷ್ಟರಲ್ಲಿ ನಮ್ಮ ಭಕ್ತಿ ಮುಗಿಯುತ್ತಿತ್ತು. ಆ ವರ್ಷ ಯಾರದೋ ಜೊತೆ ಒಂದು ಧ್ಯಾನಕೂಟಕ್ಕೆ ಹೋದೆ. ಬಾಯಿಂದ ಬರುವ ಮಾತೇ ಬದುಕಾಗುತ್ತದೆ, ಸೋಲಿನ ಮಾತಾಡುವವನಿಗೆ ವಿಶ್ವಾಸವಿಲ್ಲ ಎಂದು ಅಲ್ಲಿ ಕೇಳಿದ್ದು ಎದೆಗೆ ನಾಟಿತು. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಕಾರಾತ್ಮಕ ಚಿಂತನೆಯ ಪುಸ್ತಕಗಳನ್ನೂ ಕೊಂಡೆ. ಈ ಬಗೆಯ ಪುಸ್ತಕಗಳಿಗೆಲ್ಲ ಅಜ್ಜನಂತಿರುವುದನ್ನು 1952ರಲ್ಲಿ ಬರೆದ ನಾರ್ಮನ್ ವಿನ್ಸೆಂಟ್ ಪೀಲ್ ಕೂಡ ನ್ಯೂಯಾರ್ಕಿನ ಒಬ್ಬ ಪಾದ್ರಿ ಎಂದು ಗೊತ್ತಾದಾಗ ನನ್ನ ಸಂತೋಷ ಹೇಳತೀರದು. ನಂಬಿಕೆ, ಒಳ್ಳೆಯ ಯೋಚನೆ ಎರಡೂ ಒಂದೇ ಅಂದಮೇಲೆ ಇನ್ನೇನು ಬೇಕು! ಮನೆಯಲ್ಲಿ ಕಾನೂನು ಮಾಡಿದೆ: ಯಾರೂ ‘ಆಗಲ್ಲ’ ಅನ್ನಬಾರದು, ‘ಭಯ ಆಗುತ್ತೆ’ ಅನ್ನಬಾರದು.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಕಬಿನಿ ತುಂಬಿ, ಬಿಟ್ಟ ನೀರಿಗೆ ಕೆಳಗೆ ನಂಜನಗೂಡಿನಲ್ಲಿ ಮನೆಗಳು ಮುಳುಗಿದ ವರ್ಷ ಅದು. ನಮ್ಮ ಹೊಲದಲ್ಲಿ ಬಸಿಗಾಲುವೆ ಕಟ್ಟಿಕೊಂಡು ಪಟ್ಟೆಗಳ ನಡುವೆ ನೀರು ನಿಂತಿತು. ಮಳೆ ಬಿಟ್ಟ ಮೇಲೆ ಕಳೆ ಕೀಳಲು ಬಂದಿದ್ದ ಹಾಡಿಯ ಅಕ್ಕ ಒಬ್ಬರು, ಕೊಡಗಿನಲ್ಲೂ ವಯನಾಡಿನಲ್ಲೂ ವರ್ಷಗಟ್ಟಲೆ ಶುಂಠಿ ಕೆಲಸ ಮಾಡಿದವರು, ಮೂಲೆಯ ಪಟ್ಟೆಯ ಮುಂದೆ ಕೂತು ಕರೆದರು.

“ಅಣ್ಣ, ಬಾ ಇಲ್ಲಿ. ಈ ಗಿಡ ಹಿಂಗೆ ಜಗ್ಗಿದ್ರೆ ಕೈಗೇ ಬತ್ತದೆ.”

ಹೋಗಿ ನೋಡಿದೆ. ಕೆಳಗಿನ ಎಲೆಗಳು ಸುರುಳಿ ಸುತ್ತಿಕೊಂಡು ಹಳದಿಯಾಗಿದ್ದವು. ಅಕ್ಕ ದಂಟು ಮೂಸಿ ನನ್ನ ಮೂಗಿನ ಹತ್ತಿರ ಹಿಡಿದರು. ಶುಂಠಿಯ ವಾಸನೆ ಇರಲಿಲ್ಲ, ಕೊಳೆತ ನಾತ. “ಒಂದು ಲೋಟ ನೀರು ತರಿಸು, ನೋಡ್ಬುಡವ” ಅಂದರು.

“ಮಳೆ ನೀರು ನಿಂತಿತ್ತಲ್ಲಕ್ಕ, ಅದಕ್ಕೆ. ಬಿಸಿಲು ಬಂದರೆ ಸರಿಹೋಗುತ್ತೆ. ದೇವರಿದ್ದಾನೆ” ಅಂದೆ. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿ, ಏನೂ ಅನ್ನದೆ ಮುಂದಿನ ಪಟ್ಟೆಗೆ ಸರಿದರು.

ನನಗೆ ಅನುಮಾನ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಲೋಟ ತಂದರೆ ಏನು ಕಾಣುತ್ತದೆ ಎಂದು ಗೊತ್ತಿತ್ತು, ಅದಕ್ಕೇ ತರಲಿಲ್ಲ. ರಾತ್ರಿ ಹೆಂಡತಿ, “ರೀ, ಕೃಷಿ ಇಲಾಖೆಯವರಿಗೋ ತೋಟಗಾರಿಕೆಯವರಿಗೋ ಒಂದು ಮಾತು ಹೇಳಿದ್ರೆ?” ಎಂದು ಶುರುಮಾಡಿದಳು. “ಅವಿಶ್ವಾಸದ ಮಾತು ಈ ಮನೇಲಿ ಬೇಡ” ಎಂದು ಬಾಯಿ ಮುಚ್ಚಿಸಿದೆ. ಆಮೇಲೆ ಅವಳೂ ಮಾತಾಡಲಿಲ್ಲ, ಜಪಸರದಲ್ಲಿ ಮಾತ್ರ ಅವಳ ದನಿ ದಿನದಿನಕ್ಕೆ ಸಣ್ಣದಾಗುತ್ತಾ ಬಂತು. ಅದನ್ನು ನಾನು ಭಕ್ತಿ ಅಂದುಕೊಂಡೆ.

ಸೊರಗು ರೋಗ ನೀರಿನ ಜೊತೆ ಓಡುತ್ತದೆ. ಮೊದಲ ದಿನವೇ ಆ ಮೂಲೆಯ ಗಿಡಗಳನ್ನು ಗಡ್ಡೆ ಸಮೇತ ಕಿತ್ತು ಹೊಲದಿಂದ ಹೊರಗೆ ಸಾಗಿಸಿ, ಗುಂಡಿಗೆ ಬ್ಲೀಚಿಂಗ್ ಪುಡಿ ಹಾಕಿ, ಆ ಪಟ್ಟೆಯ ನೀರು ಬೇರೆ ಕಡೆ ಹೋಗದಂತೆ ಕಟ್ಟಿದ್ದರೆ ಒಂದಷ್ಟು ಉಳಿಯುತ್ತಿತ್ತೇನೋ. ಹನ್ನೆರಡನೇ ದಿನ ಬೆಳಗ್ಗೆ ಹೋದಾಗ ಇಳಿಜಾರಿನ ಗುಂಟ ಅರ್ಧ ಹೊಲ ಬಾಡಿ ಮಲಗಿತ್ತು. ಆಗ ಲೋಟ ತಂದೆ. ದಂಟು ಕೊಯ್ದು ಹಿಡಿದೆ. ಬೆಳ್ಳಗಿನ ಎಳೆ ನಿಧಾನವಾಗಿ, ಊದುಬತ್ತಿಯ ಹೊಗೆ ತಲೆಕೆಳಗಾಗಿ ಇಳಿದ ಹಾಗೆ, ನೀರೊಳಗೆ ಇಳಿಯುತ್ತಾ ಹೋಯಿತು. ಪಕ್ಕದಲ್ಲಿ ನಿಂತಿದ್ದ ಹೆಂಡತಿ, “ನಂಗೆ ಮೊದಲನೇ ದಿನವೇ ಭಯ ಆಗಿತ್ತು. ಹೇಳೋಕೆ ನಿಮ್ಮ ಭಯ” ಅಂದಳು.

ಎರಡು ಎಕರೆಗೆ ಕೊನೆಗೆ ಕೈಗೆ ಬಂದದ್ದು 40 ಚೀಲ. ಅದರಲ್ಲಿ ಬಿತ್ತನೆಗೆ ಒಂದು ಗಡ್ಡೆಯೂ ಆಗುವಂತಿರಲಿಲ್ಲ. ಆದರೆ ಈ ಕಥೆಯಲ್ಲಿ ನನ್ನನ್ನು ಈಗಲೂ ಚುಚ್ಚುವುದು ಚೀಲದ ಲೆಕ್ಕವಲ್ಲ, ಹೆಂಡತಿಯ ಆ ಮಾತು. ದೇವರ ಹೆಸರು ಹೇಳಿ ಒಬ್ಬರ ಭಯವನ್ನು ನಾನು ಅಪರಾಧ ಮಾಡಿಟ್ಟಿದ್ದೆ.

ಆಮೇಲೆ ಕೆಲವು ವಾರ ಪ್ರಾರ್ಥನೆಯೇ ಬಿಟ್ಟೆ. ಒಂದು ಮಂಗಳವಾರ ಅವಳೇ ಎಬ್ಬಿಸಿ ಡೋರ್ನಹಳ್ಳಿಗೆ ಹೊರಡಿಸಿದಳು. ಹ್ಯಾಂಡ್‌ಪೋಸ್ಟ್, ಮೈಸೂರು, ಅಲ್ಲಿಂದ ಕೆ.ಆರ್. ನಗರದ ಬಸ್ಸು. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಮರದ ವಿಗ್ರಹ ಸಿಕ್ಕಿತು, ಅವನು ಅದನ್ನು ಗೊಂಬೆ ಅಂದುಕೊಂಡು ಮಕ್ಕಳಿಗೆ ಆಡಲು ಕೊಟ್ಟ ಎಂಬುದು ಆ ಕ್ಷೇತ್ರದ ಐತಿಹ್ಯ. ಚಿಕ್ಕಂದಿನಿಂದ ಕೇಳಿದ್ದ ಕಥೆ. ಆ ದಿನ ಮಾತ್ರ, ಮೊದಲು ಸಿಕ್ಕಿದ್ದನ್ನು ಅವನೂ ತಪ್ಪು ತಿಳಿದಿದ್ದ ಎಂಬುದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಅದೇ 2019ರಲ್ಲಿ ಆ ದೇವಾಲಯ ಬೆಸಿಲಿಕಾ ಆಯಿತು. ಅಲ್ಲಿಗೆ ಬರುವವರಲ್ಲಿ ನಮ್ಮವರಷ್ಟೇ ಅಲ್ಲ, ಎಲ್ಲ ಜಾತಿ ಮತದವರೂ ಇರುತ್ತಾರೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರ ಮುಂದೆ ಯಾರೂ ಎಲ್ಲ ಚೆನ್ನಾಗಿದೆ ಎಂದು ನಟಿಸುವುದಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ, ಮಗನ ಮೇಲಿನ ದೂರನ್ನು ಜಗಳದ ದನಿಯಲ್ಲೇ ಒಪ್ಪಿಸುತ್ತಿದ್ದರು.

ಹೊರಗೆ ಮರದ ನೆರಳಲ್ಲಿ ವಯಸ್ಸಾದ ಗುರುಗಳೊಬ್ಬರು ಸಿಕ್ಕಿದರು. ನಾನು ಎಲ್ಲ ಹೇಳಿಕೊಂಡೆ. ಸಮಾಧಾನದ ಮಾತು ಬರುತ್ತದೆ ಎಂದು ಕಾದರೆ, ರೈತರ ಮನೆಯಿಂದ ಬಂದವರಂತೆ ಅವರು ಮೊದಲು ಕೇಳಿದ್ದು: “ಕೊಳೆತ ಗಡ್ಡೆ ಹೊಲದಿಂದ ಆಚೆ ಹಾಕಿಸಿದೆಯೇನಪ್ಪ? ನಾಲೆಗೆ ಎಸೆದಿಲ್ಲ ತಾನೇ?”

ಎಸೆದಿರಲಿಲ್ಲ. ಅಷ್ಟಾದರೂ ಬುದ್ಧಿ ಇತ್ತು.

“ವಿಶ್ವಾಸ ಇಲ್ಲದೇ ಹೋದ್ರೆ ಅಂತ ಹೆದರಿ ಲೋಟ ತರಲಿಲ್ಲ ಫಾದರ್” ಅಂದೆ.

ಅವರು ನಕ್ಕರು. “ತೋಮನನ್ನ ನೆನಪಿಸಿಕೋ. ಮುಟ್ಟಿ ನೋಡದೆ ನಂಬಲ್ಲ ಅಂದವನು. ಯೇಸುಸ್ವಾಮಿ ಅವನಿಗೆ ಕೈ ತೋರಿಸಿದರು, ಆಚೆಗೆ ಅಟ್ಟಲಿಲ್ಲ. ಪುನರುತ್ಥಾನ ಆದಮೇಲೂ ಗಾಯದ ಗುರುತು ಹಾಗೇ ಇತ್ತು, ನೋಡು.” ಬೈಬಲಿನ 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿಗೂ ಕಡಿಮೆಯಿಲ್ಲದಷ್ಟು ಗೋಳಿನವೇ ಎಂದೂ, 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ ಎಂದೂ ಹೇಳಿದರು. ಜರ್ಮನಿಯ ಮೋಲ್ಟ್‌ಮನ್ ಎಂಬ ದೈವಶಾಸ್ತ್ರಜ್ಞರ ಹೆಸರು ನಾನು ಮೊದಲು ಕೇಳಿದ್ದೂ ಅಲ್ಲೇ. 1943ರ ಹ್ಯಾಂಬರ್ಗಿನ ಬಾಂಬ್ ದಾಳಿಯಲ್ಲಿ ಪಕ್ಕದಲ್ಲಿದ್ದ ಗೆಳೆಯ ಸತ್ತ. ಈತ ಉಳಿದು, 1945ರಲ್ಲಿ ಯುದ್ಧಕೈದಿಯಾದರು. ಸೆರೆಯ ಶಿಬಿರದಲ್ಲಿ ಯಾರೋ ಕೈಗೆ ಕೊಟ್ಟ ಬೈಬಲಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಗೆಲುವಿನ ವಚನವಲ್ಲ, ಗೋಳಿನ ಕೀರ್ತನೆ ಮತ್ತು ಶಿಲುಬೆಯ ಮೇಲಿನ ಯೇಸುವಿನ ಕೂಗು. ಆ ಮನುಷ್ಯ 1964ರಲ್ಲಿ ಬರೆದ ಪುಸ್ತಕ ನಿರೀಕ್ಷೆಯ ಬಗ್ಗೆಯೇ.

ನಿರೀಕ್ಷೆ! ಪೌಲನ ಪತ್ರದಲ್ಲಿ ವಿಶ್ವಾಸ, ಪ್ರೀತಿಗಳ ನಡುವೆ ಬರುವ ಮಾತಿಗೆ ಕನ್ನಡ ಬೈಬಲಿನವರು ಇಟ್ಟ ಪದ ಇದು. ಬಸ್ಸಿನ ನಿರೀಕ್ಷೆ, ಮಳೆಯ ನಿರೀಕ್ಷೆ ಅನ್ನುತ್ತೇವಲ್ಲ, ಅದೇ. ಅದರೊಳಗೆ ಈಕ್ಷಿಸುವುದು, ನೋಡುವುದು ಇದೆ. ಬಸ್ಸಿಗೆ ಕಾಯುವವನು ಕಣ್ಣು ಮುಚ್ಚಿಕೊಂಡು ನಿಲ್ಲುವುದಿಲ್ಲ, ರಸ್ತೆ ನೋಡುತ್ತಿರುತ್ತಾನೆ. ಬರಲಿಲ್ಲ ಎಂದು ಪಕ್ಕದವನಿಗೆ ಹೇಳಿದರೆ ಅವನ ನಿರೀಕ್ಷೆಯೇನೂ ಕೆಡುವುದಿಲ್ಲ. ನಾನು ಸಾಕಿಕೊಂಡಿದ್ದ ಸಕಾರಾತ್ಮಕ ಧೋರಣೆಗೆ ಕಣ್ಣೇ ಇರಲಿಲ್ಲ. ಒಂದು ಹಳದಿ ಎಲೆ ನೋಡುವ ಧೈರ್ಯವಿಲ್ಲದ್ದಕ್ಕೆ ನಾನು ವಿಶ್ವಾಸ ಎಂದು ಹೆಸರಿಟ್ಟಿದ್ದೆ. ದೇವರು ಕೈಬಿಡುವುದಿಲ್ಲ ಎಂದು ನಿಜವಾಗಿ ನಂಬಿದ್ದರೆ ಲೋಟದಲ್ಲಿ ಏನು ಇಳಿದರೂ ನೋಡಬಹುದಿತ್ತಲ್ಲ.

ಮನೆಗೆ ಬಂದು ಕಾನೂನು ತೆಗೆದುಹಾಕಿದೆವು. ಅವತ್ತು ರಾತ್ರಿ ಜಪಸರ ಮುಗಿದ ಮೇಲೆ ಹೆಂಡತಿ ಸಾಲದ ಪಟ್ಟಿ ಬರೆದಳು, ನಾನು ಓದಿದೆ. ಗುತ್ತಿಗೆ ಬಾಕಿ, ಸಂಘದ ಕಂತು, ಗಿರವಿ ಬಡ್ಡಿ, ಗೊಬ್ಬರದ ಅಂಗಡಿ. ಓದಿ ಮುಗಿಸಿದಾಗ ಇಬ್ಬರಿಗೂ ಅಳು ಬಂತು. ವಿಚಿತ್ರವೆಂದರೆ, ಎಷ್ಟೋ ದಿನದ ಮೇಲೆ ಅವತ್ತು ಇಬ್ಬರೂ ಹೊಟ್ಟೆ ತುಂಬ ಊಟ ಮಾಡಿದೆವು. ಅವಳು ಹೊಲಿಗೆ ಶುರುಮಾಡಿದಳು, ನಾನು ಬೇರೆಯವರ ಟ್ರ್ಯಾಕ್ಟರ್ ಓಡಿಸಿದೆ. ಒಡವೆಯಲ್ಲಿ ಓಲೆ ಬಿಡಿಸಿದೆವು. ಸರ ಹೋಯಿತು.

ಆ ಹೊಲದ ಸಹವಾಸ ಬಿಟ್ಟೆ. ರೋಗ ಬಂದ ನೆಲದಲ್ಲಿ ವರ್ಷಗಟ್ಟಲೆ ಶುಂಠಿ ಹಾಕುವಂತಿಲ್ಲ. ಎರಡು ವರ್ಷ ಬಿಟ್ಟು ನೀರು ನಿಲ್ಲದ ಕಡೆ ಅರ್ಧ ಎಕರೆ ಹಾಕಿದೆ. ಕಳೆಗೆ ಅದೇ ಅಕ್ಕನನ್ನು ಕರೆದೆ. ಅವರು ಬರುವ ಹೊತ್ತಿಗೆ ಬದುವಿನ ಮೇಲೆ ನೀರು ತುಂಬಿದ ಗಾಜಿನ ಲೋಟ ಇಟ್ಟಿದ್ದೆ. ನೋಡಿ, “ಈ ಸಲ ಮೊದಲೇ ತಂದೀಯಾ?” ಎಂದು ನಕ್ಕರು.

ಮೂಲೆಯಲ್ಲಿ ಒಂದು ಗಿಡ ಹಳದಿಯಾಗಿತ್ತು. ಹೆಂಡತಿ, “ರೀ, ನಂಗೆ ಭಯ ಆಗ್ತಿದೆ” ಅಂದಳು. “ನಂಗೂ” ಅಂದೆ. ಅಕ್ಕ ದಂಟು ಕೊಯ್ದು ನೀರಿಗೆ ತಾಗಿಸಿ ಹಿಡಿದರು. ಮೂವರೂ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ಐದು ನಿಮಿಷವಾದರೂ ನೀರು ತಿಳಿಯಾಗಿಯೇ ಇತ್ತು. ಹೆಂಡತಿ ಲೋಟ ತೊಳೆದು, ಮುಂದಿನ ವಾರಕ್ಕೆ ಬೇಕಲ್ಲ ಎಂದು ಬುತ್ತಿಯ ಚೀಲಕ್ಕೆ ಹಾಕಿಕೊಂಡಳು.