ಆಫ್ ಮಾಡುವ ಹಕ್ಕು

ವಾಟ್ಸಾಪ್‌ನ ಆ ನೀಲಿ ಉಂಗುರ, ಅಂದರೆ ಮೆಟಾ ಎಐ ಸಹಾಯಕ, ನಮ್ಮ ದೇಶಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಬಳಸುವುದು ಬಿಡುವುದು ನಿಮ್ಮಿಷ್ಟ ಎನ್ನುತ್ತದೆ ವಾಟ್ಸಾಪ್ ಮಾಲೀಕ ಕಂಪನಿ ಮೆಟಾ. ಅದನ್ನು ಪೂರ್ತಿ ತೆಗೆದುಹಾಕುವ ದಾರಿಯನ್ನು ಮಾತ್ರ ಕೊಟ್ಟಿಲ್ಲ. ಹಳೇ ಮೆಸೇಜ್ ಹುಡುಕಲು ಹೋದರೆ ಸರ್ಚ್‌ನಲ್ಲೂ ಅದೇ ಎಐ. ಸ್ಮಾರ್ಟ್‌ಫೋನ್ ಈಗಷ್ಟೇ ಕಲಿತ ಹಿರಿಯರಿಗೆ, ತಾವು ಬರೆಯುತ್ತಿರುವುದು ಮನುಷ್ಯರಿಗೋ ಯಂತ್ರಕ್ಕೋ ಎಂದು ಹೇಗೆ ಗೊತ್ತಾಗಬೇಕು?

ಮೈಕ್ರೋಸಾಫ್ಟ್ ಇದಕ್ಕೂ ಮುಂದೆ ಹೋಯಿತು. ವರ್ಡ್, ಎಕ್ಸೆಲ್ ಇರುವ 365 ಚಂದಾಕ್ಕೆ ತನ್ನ ಎಐ ಸಹಾಯಕ ಕೋಪೈಲಟ್ ಸೇರಿಸಿ ಬೆಲೆ ಏರಿಸಿತು. ಆಸ್ಟ್ರೇಲಿಯಾದಲ್ಲಿ ಪರ್ಸನಲ್ ಪ್ಲ್ಯಾನ್‌ಗೆ ವರ್ಷಕ್ಕೆ 109 ಡಾಲರ್ ಇದ್ದದ್ದು 159 ಆಯಿತು. ಎಐ ಇಲ್ಲದ ಪ್ಲ್ಯಾನ್ ಹಳೇ ಬೆಲೆಗೇ ಇತ್ತು, ಆದರೆ ಚಂದಾ ರದ್ದು ಮಾಡಲು ಹೊರಟವರಿಗಷ್ಟೇ ಕಾಣುತ್ತಿತ್ತು ಎಂದು ಅಲ್ಲಿನ ಗ್ರಾಹಕ ಆಯೋಗ 2025ರ ಅಕ್ಟೋಬರ್‌ನಲ್ಲಿ ಕೋರ್ಟಿಗೆ ಹೋಯಿತು. ಆಮೇಲೆ ಕಂಪನಿ ಕ್ಷಮೆ ಕೇಳಿ, ಹಣ ವಾಪಸ್ ಕೊಡಲು ಮುಂದಾಯಿತು. ಕೇಸು ಬೀಳುವವರೆಗೂ ನೇರವಾಗಿ ಹೇಳಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ಬೇಕಾದವರು ಎಐ ಧಾರಾಳವಾಗಿ ಬಳಸಲಿ. ಬೇಡದವರಿಗೆ ಸೆಟ್ಟಿಂಗ್ಸ್‌ನಲ್ಲಿ ಎದ್ದು ಕಾಣುವ ಒಂದು ಸ್ವಿಚ್ ಕೊಡಿ. ಒಮ್ಮೆ ಆಫ್ ಮಾಡಿದರೆ, ಮುಂದಿನ ಅಪ್‌ಡೇಟ್ ಬಂದಮೇಲೂ ಅದು ಆಫ್ ಆಗಿಯೇ ಇರಬೇಕು.